ಊರು ಬಿಡುವ ಮುನ್ನ



ಆನೆಗಳ ಹಾವಳಿಗೆ ಬೇಸತ್ತು, ಜಮೀನು ಮಾರಿ ಬಯಲುಸೀಮೆಗೋ ಪಟ್ಟಣಕ್ಕೋ ಹೋಗೋಣವೆಂಬ ಮಾತು ಆಲೂರು, ಸಕಲೇಶಪುರದ ಹಲವು ಮನೆಗಳಲ್ಲಿದೆ. ತಪ್ಪೇನಿಲ್ಲ, ಜೀವಕ್ಕಿಂತ ಜಮೀನು ದೊಡ್ಡದಲ್ಲ. 2014ರಲ್ಲಿ ಆಲೂರು ಭಾಗದಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರೂ ಹಾವಳಿ ನಿಲ್ಲಲಿಲ್ಲ. ಆದರೂ ಆತುರ ಬೇಡ.

ಮೊದಲು ಲೆಕ್ಕ ಬರೆಯಿರಿ. ಇಲ್ಲಿ ಗದ್ದೆಯ ಅಕ್ಕಿ, ತೋಟದ ಸೌದೆ, ಬಾವಿಯ ನೀರಿಗೆ ಹಣ ತೆರುವುದಿಲ್ಲ. ಪಟ್ಟಣದಲ್ಲಿ ಬಾಡಿಗೆಯೂ ಸೇರಿ ಎಲ್ಲಕ್ಕೂ ಹಣ. ಬಯಲುಸೀಮೆಯ ಜಮೀನನ್ನು ಬೇಸಿಗೆಯಲ್ಲಿ ನೋಡಿ. ನೀರಿನ ನಿಜಸ್ಥಿತಿ ಆಗಲೇ ತಿಳಿಯುವುದು. ಮನೆಯ ಒಬ್ಬರು ಒಂದು ವರ್ಷ ಅಲ್ಲಿದ್ದು ಬರಲಿ. ಅಲ್ಲಿಯವರೆಗೆ ತೋಟ ಮಾರಬೇಡಿ. ಮಾರಿ ಹಿಂದಿರುಗಿದರೆ, ಹೊಸ ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಕಾಯಬೇಕು.

ಹೆಂಗಸರ ಅಭಿಪ್ರಾಯವನ್ನೂ ಕೇಳಿ. ಮಕ್ಕಳು ನಿರ್ಭಯವಾಗಿ ಶಾಲೆಗೆ ಹೋಗಲಾರದಂತಾಗಿದ್ದರೆ ಹೊರಡುವುದೇ ಸರಿ. ಆದರೆ ಲೆಕ್ಕ ಹಾಕಿ ಹೊರಡಿ.