ಐಕಾನು ಅಳಿದರೂ ಉಳಿಯುವ ತಂತ್ರಾಂಶ

ಪರದೆಯ ಮೇಲಿನ ಐಕಾನನ್ನು ಅಳಿಸಿದರೆ ಆ ತಂತ್ರಾಂಶವೇ ಗಣಕದಿಂದ ಹೋಗಿಬಿಡುತ್ತದೆ ಎಂಬ ನಂಬಿಕೆ, 1995ರಲ್ಲಿ ವಿಂಡೋಸ್ 95 ಸ್ಟಾರ್ಟ್ ಮೆನುವನ್ನು ಪರಿಚಯಿಸಿ ಮೂರು ದಶಕಗಳಾದರೂ ಅಳಿದಿಲ್ಲ. ಈ ಅಂಜಿಕೆಯಿಂದಲೇ ಎಷ್ಟೋ ಮಂದಿ ದಿನವಿಡೀ ಬೇಕಾಗುವ ನುಡಿ, ಟ್ಯಾಲಿಯಂಥ ತಂತ್ರಾಂಶವನ್ನು ಎಂದೂ ಮುಟ್ಟದ ಹತ್ತಾರು ಐಕಾನುಗಳ ನಡುವೆ ಹುಡುಕುತ್ತಾರೆಯೇ ಹೊರತು ಮೆನುವನ್ನು ತಮ್ಮ ಕೆಲಸಕ್ಕೆ ಒಗ್ಗಿಸಿಕೊಳ್ಳುವುದಿಲ್ಲ.

ಕೆಳಗಿನ ಎಡಮೂಲೆಯಲ್ಲಿ ಪುಟ್ಟ ಬಾಣವಿರುವ ಐಕಾನು ಶಾರ್ಟ್‌ಕಟ್, ಅಂದರೆ ಮೂಲ ತಂತ್ರಾಂಶವು ಡಿಸ್ಕಿನಲ್ಲಿ ಎಲ್ಲಿದೆ ಎಂಬುದನ್ನಷ್ಟೇ ಬರೆದಿಟ್ಟುಕೊಂಡ, ಸಾಮಾನ್ಯವಾಗಿ ಕೆಲವೇ ಕಿಲೋಬೈಟ್ ಗಾತ್ರದ ಕಡತ. ವಿಳಾಸದ ಚೀಟಿ ಹರಿದ ಮಾತ್ರಕ್ಕೆ ಮನೆ ಬೀಳುವುದಿಲ್ಲ. ಸ್ಟಾರ್ಟ್ ಮೆನುವಿನ ಪಟ್ಟಿಯ ಅನೇಕ ಐಕಾನುಗಳು ಕೂಡ ಎರಡು ಫೋಲ್ಡರುಗಳಲ್ಲಿರುವ ಇಂಥ ಶಾರ್ಟ್‌ಕಟ್‌ಗಳೇ ಆಗಿದ್ದು, ಆ ಫೋಲ್ಡರುಗಳಲ್ಲಿ ಒಂದು ಗಣಕದ ಎಲ್ಲ ಬಳಕೆದಾರರಿಗೂ ಇನ್ನೊಂದು ಆಯಾ ಬಳಕೆದಾರರಿಗೂ ಸೇರಿದೆ. ಶಾರ್ಟ್‌ಕಟ್ಟನ್ನು ಪೆನ್‌ಡ್ರೈವಿಗೆ ನಕಲಿಸಿ, ಬೇರೊಂದು ಗಣಕದಲ್ಲಿ ತಂತ್ರಾಂಶ ತೆರೆಯದಿದ್ದಾಗ ವೈರಸ್ಸನ್ನು ದೂರುವುದು ಇದೇ ತಪ್ಪಿನ ಇನ್ನೊಂದು ಮುಖ. ಎಚ್ಚರ ಬೇಕಾದ ಜಾಗಗಳು ಬೇರೆಯೇ ಇವೆ: ಡೆಸ್ಕ್‌ಟಾಪಿನಲ್ಲಿಯೇ ಉಳಿಸಿದ, ಬಾಣದ ಗುರುತಿಲ್ಲದ ಪತ್ರವೋ ಚಿತ್ರವೋ ಮೂಲ ಕಡತವೇ ಆಗಿರುತ್ತದೆ, ಅಂತೆಯೇ ಮೆನುವಿನಲ್ಲಿ ಬಲಗುಂಡಿ ಒತ್ತಿದಾಗ ಕಾಣುವ ‘ಅನ್‌ಪಿನ್’ ಐಕಾನನ್ನು ಆ ಜಾಗದಿಂದ ತೆಗೆದರೆ, ‘ಅನ್‌ಇನ್‌ಸ್ಟಾಲ್’ ತಂತ್ರಾಂಶವನ್ನೇ ತೆಗೆಯುತ್ತದೆ.

ಮೆನುವಿಗೆ ಪಿನ್ ಮಾಡಿದ ತಂತ್ರಾಂಶ ಸದಾ ಚಾಲನೆಯಲ್ಲಿದ್ದು ಮೆಮೊರಿ ತಿನ್ನುತ್ತದೆ ಎಂಬುದೂ ಸುಳ್ಳು. ಲಾಗಿನ್ ಆದೊಡನೆ ತಾನಾಗಿ ತೆರೆದುಕೊಳ್ಳುವುದು ಸ್ಟಾರ್ಟಪ್ ಫೋಲ್ಡರಿನಂಥ ಜಾಗದಲ್ಲಿ ಇಟ್ಟದ್ದು. ಪದೇಪದೇ ‘ರಿಫ್ರೆಶ್’ ಒತ್ತಿದರೆ ಗಣಕದ ವೇಗ ಹೆಚ್ಚುವುದಿಲ್ಲ, ಐಕಾನುಗಳ ನೋಟವಷ್ಟೇ ಹೊಸದಾಗುತ್ತದೆ.

‘ಪ್ರಾಪರ್ಟೀಸ್’ ತೆರೆದರೆ ಶಾರ್ಟ್‌ಕಟ್ಟಿನ ಗಾತ್ರವೂ ಅದು ತೋರುವ ವಿಳಾಸವೂ ಕಣ್ಣೆದುರಿಗೇ ಇರುವಾಗ, ನಿಮಿಷದಲ್ಲಿ ಪರೀಕ್ಷಿಸಬಹುದಾದದ್ದನ್ನು ಪರೀಕ್ಷಿಸದೆ ಕೇಳಿದ್ದನ್ನೇ ಮುಂದಿನವರಿಗೆ ದಾಟಿಸುವುದು, ಅದರಲ್ಲೂ ಕಲಿಸುವ ಹೊಣೆ ಹೊತ್ತವರು ದಾಟಿಸುವುದು, ಕ್ಷಮಿಸಲಾಗದ ಉದಾಸೀನ. ಅದೇ ಕಿಟಕಿಯ ‘ಶಾರ್ಟ್‌ಕಟ್ ಕೀ’ ಎಂಬ ಜಾಗದಲ್ಲಿ, ಉದಾಹರಣೆಗೆ, ಎನ್ ಅಕ್ಷರ ಒತ್ತಿದರೆ, ಶಾರ್ಟ್‌ಕಟ್ ಡೆಸ್ಕ್‌ಟಾಪಿನಲ್ಲೋ ಸ್ಟಾರ್ಟ್ ಮೆನುವಿನಲ್ಲೋ ಇರುವವರೆಗೆ ಕಂಟ್ರೋಲ್, ಆಲ್ಟ್ ಮತ್ತು ಎನ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಆ ತಂತ್ರಾಂಶವನ್ನು ತೆರೆಯಬಹುದು. ಟಾಸ್ಕ್‌ಬಾರಿಗೆ ಪಿನ್ ಮಾಡಿದವುಗಳಲ್ಲಿ ಮೊದಲನೆಯದು ವಿಂಡೋಸ್ ಕೀಲಿಯೊಂದಿಗೆ 1 ಒತ್ತಿದರೆ, ಎರಡನೆಯದು 2 ಒತ್ತಿದರೆ ತೆರೆದುಕೊಳ್ಳುವುದರಿಂದ, ಹೆಚ್ಚು ಬಳಸುವ ತಂತ್ರಾಂಶವನ್ನು ಆ ಸಾಲಿನ ಮೊದಲಿಗೇ ಎಳೆದಿಡುವುದು ಲೇಸು.