ಬೆನ್ನುಹುರಿಗೆ ಬೀಳುವ ಎರಡನೆಯ ಪೆಟ್ಟು

ಸುಮಾರು 3,600 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಪಪೈರಸ್ ಹಾಳೆಯ ಮೇಲೆ ಬರೆದ ವೈದ್ಯಗ್ರಂಥವೊಂದು ಇಂದಿಗೂ ಉಳಿದಿದೆ. ಕತ್ತಿನ ಮೂಳೆ ಜರುಗಿ, ಕೈಕಾಲುಗಳ ಅರಿವನ್ನೇ ಕಳೆದುಕೊಂಡ ರೋಗಿಯ ವರ್ಣನೆ ಅದರಲ್ಲಿದೆ. ಇಂಥವನಿಗೆ ಚಿಕಿತ್ಸೆ ಮಾಡತಕ್ಕದ್ದಲ್ಲವೆಂದು ಅದನ್ನು ಬರೆದ ವೈದ್ಯನ ಅಭಿಪ್ರಾಯ. ಬಹುಕಾಲದವರೆಗೆ ವೈದ್ಯಲೋಕದ ಅಭಿಪ್ರಾಯವೂ ಇದಕ್ಕಿಂತ ಹೆಚ್ಚು ಭಿನ್ನವಾಗಿರಲಿಲ್ಲ.

ನಮ್ಮ ಬೆನ್ನುಹುರಿಯ ದಪ್ಪ ಕಿರುಬೆರಳಿನಷ್ಟು. ಉದ್ದ ಸುಮಾರು 45 ಸೆಂಟಿಮೀಟರು. ಮಿದುಳು ಕೈಕಾಲುಗಳಿಗೆ ಕಳುಹಿಸುವ ಆಜ್ಞೆಗಳೂ, ಅಲ್ಲಿಂದ ಬರುವ ನೋವು, ಸ್ಪರ್ಶಗಳ ವಾರ್ತೆಯೂ ಇದರ ಮೂಲಕವೇ ಸಾಗಬೇಕು. ಅದು ಒಮ್ಮೆ ಜಜ್ಜಿಹೋದರೆ ಎಲ್ಲವೂ ಆ ಕ್ಷಣದಲ್ಲೇ ಮುಗಿಯಿತೆಂದು ನಾವು ಭಾವಿಸುವುದು ಸಹಜ. ಆದರೆ ಹಾಗಲ್ಲ.

1911ರಲ್ಲಿ ಅಮೆರಿಕದ ಆಲ್‌ಫ್ರೆಡ್ ರೆಜಿನಾಲ್ಡ್ ಆಲೆನ್ ಎಂಬ ವೈದ್ಯರು ನಾಯಿಗಳ ಬೆನ್ನುಹುರಿಯ ಮೇಲೆ ಗೊತ್ತಾದ ಎತ್ತರದಿಂದ ಗೊತ್ತಾದ ತೂಕವನ್ನು ಬೀಳಿಸಿ ನೋಡಿದರು. (ಕ್ರೂರ ಪ್ರಯೋಗವೆಂದು ವಾಚಕರಿಗೆ ಅನ್ನಿಸಬಹುದು, ನಮಗೂ ಅನ್ನಿಸಿತು.) ಬಳಿಕ ಹುರಿಯನ್ನು ನಡುವೆ ಸೀಳಿ, ಒಳಗೆ ಕೂಡಿದ್ದ ರಕ್ತವನ್ನು ಹೊರಬಿಟ್ಟಾಗ ನಾಯಿಗಳ ಸ್ಥಿತಿ ಸುಧಾರಿಸಿತು! ಪೆಟ್ಟಿನ ಅನಂತರ ಅಲ್ಲಿಯೇ ಹುಟ್ಟುವ ಯಾವುದೋ ಹಾನಿಕರ ವಸ್ತು ಉಳಿದ ಭಾಗವನ್ನೂ ಕೆಡಿಸುತ್ತದೆಂದು ಆಲೆನ್ನರು ಊಹಿಸಿದರು. 1918ರಲ್ಲಿ ಅವರು ಫ್ರಾನ್ಸಿನ ರಣರಂಗದಲ್ಲಿ ಮಡಿದರು.

ಅವರ ಊಹೆ ಸರಿಯಾಗಿತ್ತು. ಗಾಯಗೊಂಡ ಹುರಿ ಬಾತುಕೊಳ್ಳುತ್ತದೆ. ಸುತ್ತಲೂ ಮೂಳೆಯ ಗೋಡೆಯಿರುವುದರಿಂದ ಹಿಗ್ಗಲು ಎಡೆಯಿಲ್ಲ. ರಕ್ಷಣೆಗೆಂದಿದ್ದ ಕೋಟೆಯೇ ಈಗ ಕತ್ತು ಹಿಸುಕುತ್ತದೆ. ರಕ್ತದ ಹರಿವು ಕುಗ್ಗುತ್ತದೆ. ಸಾಯುತ್ತಿರುವ ನರಕೋಶಗಳು ಗ್ಲುಟಮೇಟ್ ಎಂಬ ವಸ್ತುವನ್ನು ಹೊರಚೆಲ್ಲುತ್ತವೆ. ಅದು ಮಿತಿಮೀರಿದಾಗ ನೆರೆಯ ಕೋಶಗಳೊಳಕ್ಕೆ ಕ್ಯಾಲ್ಸಿಯಂ ನುಗ್ಗಿ ಅವೂ ಸಾಯುತ್ತವೆ. ಇದೇ ಎರಡನೆಯ ಪೆಟ್ಟು. ಇದು ಬೀಳುವುದು ಗಂಟೆಗಳ, ದಿನಗಳ ಅವಧಿಯಲ್ಲಿ.

ಹಾಗಾದರೆ ಒತ್ತುತ್ತಿರುವ ಮೂಳೆಯ ಚೂರನ್ನು ಬೇಗನೆ ತೆಗೆದು, ಮುರಿದ ಭಾಗವನ್ನು ಲೋಹದ ತಿರುಪುಗಳಿಂದ ಬಿಗಿದರೆ? ಕೆನಡದ ಟೊರಾಂಟೊ ನಗರದ ನರಶಸ್ತ್ರವೈದ್ಯ ಮೈಕೇಲ್ ಫೆಲಿಂಗ್ಸ್ ಮತ್ತು ಸಂಗಡಿಗರು ಕತ್ತಿನಲ್ಲಿ ಬೆನ್ನುಹುರಿಗೆ ಗಾಯವಾದ 313 ರೋಗಿಗಳನ್ನು ಪರೀಕ್ಷಿಸಿ, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಂಥ ಗಾಯದ ತೀವ್ರತೆಯನ್ನು ಐದು ದರ್ಜೆಗಳಲ್ಲಿ ಅಳೆಯುವ ಪದ್ಧತಿಯಿದೆ. ಆರು ತಿಂಗಳ ತರುವಾಯ ಮತ್ತೆ ಪರೀಕ್ಷೆಗೆ ದೊರೆತವರು 222 ಮಂದಿ. ಇವರಲ್ಲಿ 24 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದವರ ಪೈಕಿ ಶೇಕಡಾ 19.8 ಮಂದಿ ಎರಡು ದರ್ಜೆಯಾದರೂ ಸುಧಾರಿಸಿದ್ದರು. ತಡವಾದವರಲ್ಲಿ ಶೇಕಡಾ 8.8 ಮಾತ್ರ.

ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿರಲಿಲ್ಲ. ಬೇಗ ಚಿಕಿತ್ಸೆ ದೊರೆತವರಿಗೂ ತಡವಾಗಿ ದೊರೆತವರಿಗೂ ಬೇರೆ ವ್ಯತ್ಯಾಸಗಳಿದ್ದಿರಬಹುದು. ಬೇಗನೆ ಶಸ್ತ್ರಚಿಕಿತ್ಸೆಯಾದವರಲ್ಲಿಯೂ ಐವರಲ್ಲಿ ನಾಲ್ವರಿಗೆ ಅಷ್ಟು ಸುಧಾರಣೆ ದೊರೆಯಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಆದರೆ 2021ರಲ್ಲಿ 1,548 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಮೊದಲ 24ರಿಂದ 36 ಗಂಟೆಗಳೇ ನಿರ್ಣಾಯಕವೆಂದು ಕಂಡುಬಂದಿತು.

ಕಡಿದುಹೋದ ನರತಂತುಗಳನ್ನು ಈ ಶಸ್ತ್ರಚಿಕಿತ್ಸೆ ಬೆಸೆಯಲಾರದು. ಇನ್ನೂ ಜೀವ ಹಿಡಿದಿರುವ ಅಳಿದುಳಿದ ತಂತುಗಳಿಗೆ ಉಸಿರಾಡಲು ಎಡೆಮಾಡಿಕೊಡುತ್ತದೆ, ಅಷ್ಟೆ. ಕಾಲಿನ ಹೆಬ್ಬೆರಳನ್ನು ಅಲುಗಿಸಲು, ತಾನೇ ಚಮಚ ಹಿಡಿದು ಉಣ್ಣಲು ಕೆಲವೊಮ್ಮೆ ಆ ಅಳಿದುಳಿದ ತಂತುಗಳೇ ಸಾಕಾಗುತ್ತವೆ.