ಅರಿಸಿನ–ಕುಂಕುಮದ ಬಾವುಟ: ಕನ್ನಡ ಧ್ವಜದ ಇತಿಹಾಸ ಮತ್ತು ಸಂಕೇತ

ರಾಜ್ಯೋತ್ಸವದ ದಿನ ಕುಂದಗೋಳ ತಾಲ್ಲೂಕಿನ ಕುಬಿಹಾಳದಂತಹ ಹಳ್ಳಿಗಳಿಂದ ರಾಜಧಾನಿಯವರೆಗೆ ಹಾರುವ, ಮೇಲೆ ಹಳದಿ ಕೆಳಗೆ ಕೆಂಪು ಪಟ್ಟಿಯುಳ್ಳ ಬಾವುಟಕ್ಕೆ ಕರ್ನಾಟಕ ರಾಜ್ಯದ ಅಧಿಕೃತ ಧ್ವಜವೆಂಬ ಕಾನೂನಿನ ಮಾನ್ಯತೆ ಇಲ್ಲ. ಅರಸರ ಆಜ್ಞೆಯಿಂದಾಗಲಿ ಶಾಸನಸಭೆಯ ನಿರ್ಣಯದಿಂದಾಗಲಿ ಹುಟ್ಟದೆ, ಭಾಷಾ ಚಳವಳಿಯೊಂದರ ಅಗತ್ಯದಿಂದ ರೂಪುಗೊಂಡ ಈ ಬಾವುಟವು ಅರ್ಧ ಶತಮಾನಕ್ಕೂ ಮಿಕ್ಕಿದ ಬಳಕೆಯ ಬಲದಿಂದಲೇ ನಾಡಿನ ಗುರುತಾಗಿ ನಿಂತಿದೆ.

ಕನ್ನಡ ನಾಡಿನಲ್ಲಿ ಧ್ವಜದ ಪರಂಪರೆ ಪ್ರಾಚೀನವಾದುದು. ಇಲ್ಲಿನ ಶಾಸನಗಳು ಅರಸುಮನೆತನದ ಬಿರುದಾವಳಿಯನ್ನು ಹೇಳುವಾಗ ತಾಮ್ರಪಟದ ಮುದ್ರೆಯಲ್ಲಿ ಮೂಡುವ ಲಾಂಛನವನ್ನೂ ಪಡೆಯ ಮುಂದೆ ಹಾರುವ ಧ್ವಜವನ್ನೂ ಬೇರೆಬೇರೆಯಾಗಿ ಹೆಸರಿಸುತ್ತವೆ. ಬಾದಾಮಿ ಚಾಲುಕ್ಯರದು ವರಾಹ ಲಾಂಛನ; ಹಾನಗಲ್ಲು ಮತ್ತು ಗೋವೆಯ ಕದಂಬರದು ಸಿಂಹ ಲಾಂಛನ ಹಾಗೂ ವಾನರಧ್ವಜ; ಸವದತ್ತಿಯ ರಟ್ಟರದು ಆನೆಯ ಲಾಂಛನ ಹಾಗೂ ಸುವರ್ಣ ಗರುಡಧ್ವಜ. ಚಾಲುಕ್ಯ ಮತ್ತು ರಾಷ್ಟ್ರಕೂಟರ ಶಾಸನಗಳಲ್ಲಿ ಬರುವ ಪಾಳಿಧ್ವಜ, ಅಂದರೆ ಸಾಲುಧ್ವಜವು ಒಂದೇ ಬಾವುಟವಾಗಿರದೆ ಬಾವುಟಗಳ ಒಂದು ವ್ಯವಸ್ಥೆಯಾಗಿತ್ತು. ಜಿನಸೇನನ ಸಂಸ್ಕೃತ ಆದಿಪುರಾಣದ ವರ್ಣನೆಯಂತೆ ಅದರಲ್ಲಿ ಹತ್ತು ಬಗೆಯ ಚಿಹ್ನೆಗಳ ಧ್ವಜಗಳು, ಪ್ರತಿ ಬಗೆಯವು ದಿಕ್ಕಿಗೆ 108ರಂತೆ, ಒಟ್ಟು 4,320 ಇರುತ್ತವೆ. ಇವೆಲ್ಲವೂ ಆಳುವವರ ಅಧಿಕಾರದ ಚಿಹ್ನೆಗಳಾಗಿದ್ದುದರಿಂದ ಮನೆತನ ಬದಲಾದಂತೆ ಬದಲಾಗುತ್ತಿದ್ದವು; ಕನ್ನಡ ನುಡಿಯುವವರೆಲ್ಲರಿಗೂ ಸಲ್ಲುವ ಧ್ವಜವೊಂದರ ಕಲ್ಪನೆ ಆ ಕಾಲಕ್ಕೆ ಸೇರಿದುದಲ್ಲ.

ಆ ಕಲ್ಪನೆಗೆ ನೆಲೆಯನ್ನು ಒದಗಿಸಿದುದು ಏಕೀಕರಣ ಚಳವಳಿ. ಸ್ವಾತಂತ್ರ್ಯಪೂರ್ವದಲ್ಲಿ ಹುಬ್ಬಳ್ಳಿ ಮತ್ತು ನವಲಗುಂದಗಳು ಮುಂಬಯಿ ಪ್ರಾಂತದಲ್ಲಿದ್ದರೆ, ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಹೀಗಾಗಿ ಎತ್ತಿನ ಗಾಡಿಯಲ್ಲಿ ಒಂದು ದಿನ ಸಾಗುವಷ್ಟರಲ್ಲಿ ಆಳ್ವಿಕೆಗಳೇ ಬದಲಾಗುತ್ತಿದ್ದವು. 1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ, ಆಲೂರು ವೆಂಕಟರಾಯರ ಬರಹ, ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು 1953ರಲ್ಲಿ ಕೈಗೊಂಡ ಉಪವಾಸ ಇವುಗಳ ಫಲವಾಗಿ 1956ರ ನವೆಂಬರ್ 1ರಂದು ಈ ಪ್ರದೇಶಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದವು. ಆದರೆ ಹಳದಿ–ಕೆಂಪಿನ ಬಾವುಟ ಬಂದದ್ದು ಅದಾದ ಮೇಲೆ, ಏಕೀಕೃತ ರಾಜ್ಯದ ರಾಜಧಾನಿಯಲ್ಲಿಯೇ ಕನ್ನಡದ ಸ್ಥಾನದ ಪ್ರಶ್ನೆ ತಲೆದೋರಿದಾಗ.

1960ರ ದಶಕದ ಬೆಂಗಳೂರಿನಲ್ಲಿ ಚಿತ್ರಮಂದಿರಗಳೂ ಸಂಗೀತ ಸಭೆಗಳೂ ಪರಭಾಷೆಗಳಿಗೆ ಹೆಚ್ಚಾಗಿ ತೆರೆದುಕೊಂಡಿದ್ದಾಗ, ಅ.ನ. ಕೃಷ್ಣರಾಯರು ಮೊದಲಾದವರ ಮುಂದಾಳತನದಲ್ಲಿ ಕನ್ನಡ ಚಳವಳಿ ಬಲಗೊಂಡಿತು. ಅದರ ಪ್ರಮುಖ ನಾಯಕರಲ್ಲೊಬ್ಬರಾದ ಮ. ರಾಮಮೂರ್ತಿಯವರು (1918–1967) ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಪುತ್ರರು, ಪತ್ರಕರ್ತರು ಮತ್ತು ಪತ್ತೇದಾರಿ ಕಾದಂಬರಿಕಾರರು. ನೆರೆಯ ರಾಜ್ಯದ ಪಕ್ಷಗಳ ಬಾವುಟಗಳು ನಗರದ ಬೀದಿಗಳಲ್ಲಿ ಹಾರುತ್ತಿದ್ದಾಗ ಕನ್ನಡಿಗರಿಗೂ ತಮ್ಮದೊಂದು ಗುರುತು ಬೇಕೆಂದು ಬಗೆದ ಅವರು, ತಾವು ಕಟ್ಟಿದ ಕನ್ನಡ ಪಕ್ಷದ ಮೂಲಕ ಈ ಧ್ವಜವನ್ನು ಬಳಕೆಗೆ ತಂದರು. ಪಕ್ಷವು ಚುನಾವಣಾ ರಾಜಕಾರಣದಲ್ಲಿ ಬೇರೂರಲಿಲ್ಲ. ಬಾವುಟವಾದರೋ ಪಕ್ಷದ ಎಲ್ಲೆಯನ್ನು ದಾಟಿ ಎಲ್ಲರದಾಯಿತು.

ಇದಕ್ಕೆ ಬಣ್ಣಗಳ ಆಯ್ಕೆಯೇ ಒಂದು ಕಾರಣವೆನ್ನಬಹುದು. ಹಳದಿಯು ಅರಿಸಿನವನ್ನೂ ಕೆಂಪು ಕುಂಕುಮವನ್ನೂ ಸೂಚಿಸುತ್ತವೆ. ಹೊಸ್ತಿಲ ಪೂಜೆಯಿಂದ ಉಡಿ ತುಂಬುವವರೆಗೆ ಮನೆಯ ಶುಭಕಾರ್ಯಗಳಲ್ಲಿ ಇವೆರಡೂ ಜೊತೆಯಾಗಿಯೇ ಬರುವುದರಿಂದ, ನಾಡನ್ನು ತಾಯಿಯಾಗಿ ಕಾಣುವ ಭಾವನೆಗೆ ಅವು ಸಹಜವಾಗಿ ಹೊಂದಿಕೊಂಡವು. ಹಳದಿಗೆ ಶಾಂತಿ ಮತ್ತು ಕೆಂಪಿಗೆ ಕ್ರಾಂತಿ ಅಥವಾ ಶೌರ್ಯವೆಂಬ ಅರ್ಥವನ್ನೂ ಹೇಳುವುದುಂಟು. ಪ್ರಾಣಿ, ಪಕ್ಷಿ, ಆಯುಧಗಳ ಚಿಹ್ನೆ ಇಲ್ಲದಿರುವುದರಿಂದ ಯಾವುದೇ ಅರಸುಮನೆತನದ ಅಥವಾ ಒಂದೇ ಪ್ರದೇಶದ ನೆನಪಿಗೆ ಅದು ಕಟ್ಟುಬೀಳಲಿಲ್ಲ. ಮೈಸೂರು, ಮುಂಬಯಿ ಮತ್ತು ಹೈದರಾಬಾದ್ ಪ್ರದೇಶಗಳ ಕನ್ನಡಿಗರು ಅದನ್ನು ಸಮಾನವಾಗಿ ತಮ್ಮದೆನ್ನಲು ಸಾಧ್ಯವಾಯಿತು.

ರಚನೆಯ ಸರಳತೆ ಮತ್ತೊಂದು ಕಾರಣ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಸಿದ್ಧವಾಗುವ ರಾಷ್ಟ್ರಧ್ವಜಕ್ಕೆ ಬಟ್ಟೆಯ ನೂಲು, ಬಣ್ಣದ ಛಾಯೆ, ಉದ್ದಗಲಗಳ 3:2 ಪ್ರಮಾಣ, ಚಕ್ರದ 24 ಅರಗಳು, ಹೊಲಿಗೆ ಎಲ್ಲವೂ ಭಾರತೀಯ ಮಾನಕ ಬ್ಯೂರೊದ ನಿಯಮಗಳಿಗೆ ಒಳಪಟ್ಟಿರುತ್ತವೆ. ಕನ್ನಡ ಬಾವುಟಕ್ಕೆ ಅಂತಹ ನಿಯಮವೇ ಇಲ್ಲ. ಎರಡು ತುಂಡು ಬಟ್ಟೆಯನ್ನು ಊರಿನ ದರ್ಜಿ ಕೂಡಿಸಿ ಹೊಲಿದರೆ ಬಾವುಟವಾಗುತ್ತದೆ, ಆಟೋರಿಕ್ಷಾದ ತುದಿಗೂ ಸಂಘದ ಕಟ್ಟೆಯ ಕಂಬಕ್ಕೂ ಅದು ಒಂದೇ ರೀತಿ ಸಲ್ಲುತ್ತದೆ.

ಇಂತಹ ಬಾವುಟಕ್ಕೆ ಕಾನೂನಿನ ಚೌಕಟ್ಟು ಬೇಕೆಂಬ ಬೇಡಿಕೆಯಲ್ಲಿ ಹುಬ್ಬಳ್ಳಿ–ಧಾರವಾಡದ ಪಾಲು ದೊಡ್ಡದು. 2012ರಲ್ಲಿ ವಿಷಯವು ಹೈಕೋರ್ಟಿನ ಮುಂದೆ ಬಂದಾಗ, ಪ್ರತ್ಯೇಕ ಧ್ವಜವು ದೇಶದ ಏಕತೆಗೆ ಹೊಂದುವುದಿಲ್ಲವೆಂಬ ನಿಲುವನ್ನು ಅಂದಿನ ರಾಜ್ಯ ಸರ್ಕಾರ ತಾಳಿತ್ತು. ಮುಂದೆ ಹುಬ್ಬಳ್ಳಿಯ ಹಿರಿಯ ಪತ್ರಕರ್ತ ಪಾಟೀಲ ಪುಟ್ಟಪ್ಪ ಮೊದಲಾದವರು ಸಲ್ಲಿಸಿದ ಮನವಿಯನ್ನು ಪರಿಗಣಿಸಿ ಸರ್ಕಾರವು 2017ರಲ್ಲಿ ಒಂಬತ್ತು ಸದಸ್ಯರ ಸಮಿತಿಯನ್ನು ನೇಮಿಸಿತು. ಅದರ ಶಿಫಾರಸಿನಂತೆ, ಹಳದಿ ಮತ್ತು ಕೆಂಪಿನ ನಡುವೆ ಬಿಳಿಯ ಪಟ್ಟಿಯನ್ನು ಸೇರಿಸಿ ಅದರಲ್ಲಿ ರಾಜ್ಯ ಲಾಂಛನವನ್ನು ಇರಿಸಿದ ಹೊಸ ವಿನ್ಯಾಸವನ್ನು 2018ರ ಮಾರ್ಚ್ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅನಾವರಣಗೊಳಿಸಿದರು; ಬಳಿಕ ಅದನ್ನು ಕೇಂದ್ರದ ಒಪ್ಪಿಗೆಗೆ ಕಳುಹಿಸಲಾಯಿತು. ಸಂವಿಧಾನವು ರಾಜ್ಯಗಳಿಗೆ ಧ್ವಜವನ್ನು ವಿಧಿಸಿಯೂ ಇಲ್ಲ, ನಿಷೇಧಿಸಿಯೂ ಇಲ್ಲ. ತನ್ನದೇ ಧ್ವಜ ಹೊಂದಿದ್ದ ಜಮ್ಮು ಮತ್ತು ಕಾಶ್ಮೀರವು 2019ರಲ್ಲಿ ಅದನ್ನು ಕಳೆದುಕೊಂಡಿತು.

ಹೊಸ ವಿನ್ಯಾಸದ ಲಾಂಛನದಲ್ಲಿರುವ ಗಂಡಭೇರುಂಡವು ಎರಡು ತಲೆಯ ಕಾಲ್ಪನಿಕ ಪಕ್ಷಿ. 1047ರಲ್ಲಿ ಬಳ್ಳಿಗಾವಿಯಲ್ಲಿ ನಿಲ್ಲಿಸಿದ ಸ್ತಂಭದ ಮೇಲೂ, ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿಯೂ, ಮೈಸೂರು ಒಡೆಯರ ಲಾಂಛನದಲ್ಲಿಯೂ ಕಾಣಿಸುವ ಇದು ಆಳ್ವಿಕೆಯ ದೀರ್ಘ ಪರಂಪರೆಯನ್ನು ಪ್ರತಿನಿಧಿಸುತ್ತದೆ. ಹೀಗೆ 2018ರ ಧ್ವಜವು ಶಾಸನಗಳು ಬೇರೆಬೇರೆಯಾಗಿ ಹೆಸರಿಸಿದ ಲಾಂಛನವನ್ನೂ ಧ್ವಜವನ್ನೂ ಒಂದುಗೂಡಿಸಿ, ಜನರ ಬಾವುಟವನ್ನು ಸರ್ಕಾರದ ಧ್ವಜವಾಗಿ ಮಾರ್ಪಡಿಸಲು ಯತ್ನಿಸಿತು. ಕೆಲವು ಕನ್ನಡ ಸಂಘಟನೆಗಳು ಈ ಬದಲಾವಣೆಯನ್ನು ವಿರೋಧಿಸಿದುದಕ್ಕೆ ಈ ಹಿನ್ನೆಲೆಯಲ್ಲಿ ಅರ್ಥವಿದೆ. ಸರ್ಕಾರಕ್ಕೆ ತನ್ನ ಅಧಿಕಾರವನ್ನು ಸಾರುವ ಚಿಹ್ನೆ ಬೇಕಾಗುವುದು ಸಹಜವಾದರೂ, ಎರಡು ಬಣ್ಣಗಳ ಬಾವುಟವು ಇಷ್ಟು ಕಾಲ ಬಾಳಿರುವುದು ಅದನ್ನು ಹಾರಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲದುದರಿಂದ.